ಮೆನುವಿನಲ್ಲಿ ‘ಶಾಲೆ’ ಕಾಣಿಸ್ತಿಲ್ಲ: ಲಿನಕ್ಸ್ ಮೆನು ಗುಂಪುಗಳ ದೋಷ ಹುಡುಕುವ ಬಗೆ

ದಾವಣಗೆರೆಯಿಂದ ಜಗಳೂರು ರಸ್ತೆ ಹಿಡಿದು ಅಣಜಿ ಕಡೆ ಹೋದರೆ ಎಡಕ್ಕೂ ಬಲಕ್ಕೂ ಮೆಕ್ಕೆಜೋಳದ ಹೊಲ. ಅಲ್ಲಿನ ಒಂದು ಹಳ್ಳಿ ಶಾಲೆಗೆ ದಾನಿಗಳೊಬ್ಬರು 10 ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅವಕ್ಕೆ ನಾನು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಎಕ್ಸ್‌ಎಫ್‌ಸಿಇ ಒಂದು ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಮೆನು, ಪ್ಯಾನೆಲ್ ತೋರಿಸುವ ಭಾಗ. ಮಕ್ಕಳು ಹುಡುಕಿ ಸುಸ್ತಾಗಬಾರದು ಅಂತ ಮೆನುವಿನಲ್ಲಿ ‘ಶಾಲೆ’ ಅನ್ನುವ ಹೊಸ ಗುಂಪು ಮಾಡಿದೆ. ಟಕ್ಸ್ ಪೇಂಟ್, ಜಿಕಾಂಪ್ರಿ, ಟಕ್ಸ್ ಟೈಪಿಂಗ್, ಕಾಲ್ಜಿಯಂ, ಲಿಬ್ರೆ ಆಫೀಸ್ ರೈಟರ್ ಈ ಪ್ರೋಗ್ರಾಂಗಳೆಲ್ಲವೂ ಅದರೊಳಗೆ ಒಂದೇ ಕಡೆ ಸಿಗುವ ಹಾಗೆ ಇಟ್ಟೆ.

ಎರಡು ವಾರದ ಮೇಲೆ ಅಲ್ಲಿನ ಮೇಡಂ ಫೋನ್ ಮಾಡಿದರು. “ಸರ್, 4 ಕಂಪ್ಯೂಟರ್‌ನಲ್ಲಿ ಶಾಲೆ ಅನ್ನೋದೇ ಇಲ್ಲರೀ. ಮಕ್ಕಳೆಲ್ಲ ಉಳಿದ ಆರರ ಮುಂದೆ ಗುಂಪು ಕಟ್ಟಿಕೊಂಡು ಕೂತಾವೆ.”

ಶನಿವಾರ ಹೋದೆ. ಒಬ್ಬ ಹುಡುಗ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, “ನಮ್ ಕಂಪ್ಯೂಟರ್‌ನಾಗೆ ಚಿತ್ರ ಬರೆಯೋದು ಇಲ್ಲ ಸರ್” ಅಂದ. ಇತ್ತು. ಟಕ್ಸ್ ಪೇಂಟ್ ಆ ಯಂತ್ರದಲ್ಲೇ ಇತ್ತು, ಮೆನುವಿನಲ್ಲಿ ಕಾಣುತ್ತಿರಲಿಲ್ಲ ಅಷ್ಟೇ. ಆದರೆ ಮಗುವಿಗೆ ಮೆನುವಿನಲ್ಲಿ ಕಾಣದ್ದು ಕಂಪ್ಯೂಟರ್‌ನಲ್ಲೇ ಇಲ್ಲ. ಹಾಗಾಗಿ ನನಗೆ ಇದು ಸಣ್ಣ ದೋಷ ಅನ್ನಿಸಲಿಲ್ಲ.

4 ಯಂತ್ರದಲ್ಲೂ ಲಕ್ಷಣ ಒಂದೇ. ಕಾರಣ ಮಾತ್ರ ಮೂರು ಬೇರೆ ಬೇರೆ. ಅದನ್ನು ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಫೈಲ್ ಹೆಸರು, ಕಮಾಂಡ್ ಎಲ್ಲವನ್ನೂ ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸ ಇಲ್ಲಿ ತುಂಬಾ ಮುಖ್ಯ.

ಮೊದಲು, ಮೆನು ಹೇಗೆ ಹುಟ್ಟುತ್ತದೆ

ಮೆನು ಅನ್ನುವುದು ಎಲ್ಲೋ ಬರೆದಿಟ್ಟ ಪಟ್ಟಿ ಅಲ್ಲ. ಮೂರು ಬಗೆಯ ಫೈಲ್‌ಗಳನ್ನು ಓದಿ, ಹೊಂದಿಸಿ ನೋಡಿ ಡೆಸ್ಕ್‌ಟಾಪ್ ಅದನ್ನು ಕಟ್ಟುತ್ತದೆ. ನಮ್ಮ ಎಪಿಎಂಸಿ ಯಾರ್ಡ್ ನೆನಪು ಮಾಡಿಕೊಳ್ಳಿ. ಪ್ರತಿ ಚೀಲದ ಮೇಲೆ ಒಂದು ಗುರುತು ಇರುತ್ತದೆ. ಯಾವ ಗುರುತಿನ ಚೀಲ ಯಾವ ರಾಶಿಗೆ ಹೋಗಬೇಕು ಅನ್ನುವುದು ಗುಮಾಸ್ತರ ಪುಸ್ತಕದಲ್ಲಿ ಇರುತ್ತದೆ. ರಾಶಿಯ ಮುಂದೆ ಹೆಸರು ಬರೆದ ಬೋರ್ಡ್ ಇರುತ್ತದೆ.

ಚೀಲ ಅಂದರೆ ಇಲ್ಲಿ ಡೆಸ್ಕ್‌ಟಾಪ್ ಫೈಲ್. ಪ್ರತಿ ಪ್ರೋಗ್ರಾಂಗೂ ಅಂಥದ್ದೊಂದು ಇರುತ್ತದೆ, ಹೆಸರಿನ ಕೊನೆಯಲ್ಲಿ .ಡೆಸ್ಕ್‌ಟಾಪ್ ಅಂತ ಇರುತ್ತದೆ. ಅದರ ಒಳಗೆ ‘ಕೆಟಗರೀಸ್’ ಅನ್ನುವ ಸಾಲು ಇದೆಯಲ್ಲ, ಅದೇ ಚೀಲದ ಮೇಲಿನ ಗುರುತು. ಇವು /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಫೋಲ್ಡರ್‌ನಲ್ಲಿ ಇರುತ್ತವೆ. ನಮ್ಮ ಸ್ವಂತದ್ದು ~/.ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ (~ ಅಂದರೆ ನಮ್ಮ ಖಾತೆಯ ಹೋಮ್ ಫೋಲ್ಡರ್).

ಗುಮಾಸ್ತರ ಪುಸ್ತಕ ಅಂದರೆ .ಮೆನು ಫೈಲ್. ಅದು ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಪ್ರತಿ ಭಾಗವನ್ನೂ ತೆರೆಯುವ, ಮುಚ್ಚುವ ಟ್ಯಾಗ್‌ಗಳ ನಡುವೆ ಬರೆಯುವ ಬಗೆಯಲ್ಲಿ ಇರುತ್ತದೆ. ಸಿಸ್ಟಂನದ್ದು /ಇಟಿಸಿ/ಎಕ್ಸ್‌ಡಿಜಿ/ಮೆನುಸ್ ಒಳಗೆ, ನಮ್ಮದು ~/.ಕಾನ್ಫಿಗ್/ಮೆನುಸ್ ಒಳಗೆ. ಬೋರ್ಡ್ ಅಂದರೆ .ಡೈರೆಕ್ಟರಿ ಫೈಲ್. ಗುಂಪಿನ ಹೆಸರು, ಚಿತ್ರ ಎರಡೂ ಅದರಲ್ಲಿ. ಅದು ಡೆಸ್ಕ್‌ಟಾಪ್-ಡೈರೆಕ್ಟರೀಸ್ ಅನ್ನುವ ಫೋಲ್ಡರ್‌ನಲ್ಲಿ ಇರಬೇಕು.

ಈ ನಿಯಮಗಳು ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆಯಿಂದ ಬಂದವು. 2000ದಲ್ಲಿ ಹ್ಯಾವಕ್ ಪೆನಿಂಗ್ಟನ್ ಅದನ್ನು ಶುರು ಮಾಡಿದರು. ಆಗ ಅದರ ಹೆಸರು ಎಕ್ಸ್ ಡೆಸ್ಕ್‌ಟಾಪ್ ಗ್ರೂಪ್. ಫೋಲ್ಡರ್ ಹೆಸರಿನಲ್ಲಿ ಇನ್ನೂ ಎಕ್ಸ್‌ಡಿಜಿ ಅಂತ ಇರುವುದು ಅದಕ್ಕೇ. ಕೆಡಿಇ, ಎಕ್ಸ್‌ಎಫ್‌ಸಿಇ, ಸಿನಮನ್, ಮಾಟೆ ಈ ಡೆಸ್ಕ್‌ಟಾಪ್‌ಗಳೆಲ್ಲವೂ ಇದೇ ನಿಯಮ ಪಾಲಿಸುತ್ತವೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಿರುವ ಗ್ನೋಮ್ ಡೆಸ್ಕ್‌ಟಾಪ್ ಮಾತ್ರ ಬೇರೆ. ಅಲ್ಲಿ ಇಂಥ ಗುಂಪು ಗುಂಪಾದ ಮೆನುವೇ ಕಾಣುವುದಿಲ್ಲ. ಐಕಾನ್‌ಗಳನ್ನು ಒಂದರ ಮೇಲೊಂದು ಎಳೆದು ಫೋಲ್ಡರ್ ಮಾಡಿಕೊಳ್ಳಬೇಕು. ಗ್ನೋಮ್ ಬಳಸುವವರು .ಮೆನು ಫೈಲ್ ಬರೆದು ಕಾಯುತ್ತಾ ಕೂರಬೇಡಿ.

ದೋಷ ಎಲ್ಲೇ ಇರಲಿ, ಈ ಮೂರರಲ್ಲಿ ಒಂದು ಕಡೆ ಇರುತ್ತದೆ: ಗುರುತು, ಪುಸ್ತಕ, ಬೋರ್ಡ್. ಯಾವುದು ಅಂತ ತಿಳಿಯುವ ಮೊದಲು ಏನನ್ನೂ ತಿದ್ದಬೇಡಿ. ಮೆನು ಎಡಿಟರ್ ತೆರೆದು ಅಲ್ಲೊಂದು ಇಲ್ಲೊಂದು ಕ್ಲಿಕ್ ಮಾಡಲೂ ಹೋಗಬೇಡಿ. ಆ ಎಡಿಟರ್‌ಗಳು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಹೊಸ ಫೈಲ್ ಬರೆಯುತ್ತವೆ. ಆಮೇಲೆ ಮೊದಲಿನ ದೋಷ ಯಾವುದು, ಎಡಿಟರ್ ಸೇರಿಸಿದ್ದು ಯಾವುದು ಅಂತ ಬಿಡಿಸುವುದೇ ಕಷ್ಟ.

ಖಾಲಿ ಗುಂಪು ಕಾಣಿಸುವುದಿಲ್ಲ

ಇದೊಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಗುಂಪಿನೊಳಗೆ ಒಂದೂ ಪ್ರೋಗ್ರಾಂ ಬಂದು ಸೇರದಿದ್ದರೆ ಆ ಗುಂಪನ್ನು ಮೆನು ತೋರಿಸುವುದೇ ಇಲ್ಲ. ಎಲ್ಲರೂ ಏನು ಮಾಡುತ್ತಾರೆ? ಗುಂಪು ಕಾಣದ ಕೂಡಲೇ ಮೆನು ಫೈಲ್ ತಪ್ಪಿದೆ ಅಂದುಕೊಂಡು ಅದನ್ನೇ ಹತ್ತು ಸಲ ತಿದ್ದುತ್ತಾರೆ. ಮೆನು ಫೈಲ್ ಸರಿಯಾಗಿಯೇ ಇರಬಹುದು. ಗುರುತು ಹೊಂದದೆ ಗುಂಪು ಖಾಲಿ ಉಳಿದಿರಬಹುದು.

ಅದಕ್ಕೆ ನಾನು ಮಾಡುವ ಮೊದಲ ಪರೀಕ್ಷೆ ಇದು. ಮೆನು ಫೈಲ್‌ನಲ್ಲಿ ‘ಇನ್‌ಕ್ಲೂಡ್’ ಅನ್ನುವ ಭಾಗ ಇರುತ್ತದೆ. ಅದರೊಳಗೆ ‘ಕೆಟಗರಿ’ ಅಂತ ಗುರುತಿನ ಹೆಸರು ಬರೆದಿರುತ್ತೇವೆ. ಅದರ ಕೆಳಗೆ ‘ಫೈಲ್‌ನೇಮ್’ ಅಂತ ಒಂದು ಸಾಲು ಸೇರಿಸಿ, ಖಂಡಿತ ಕೆಲಸ ಮಾಡುವ ಒಂದು ಪ್ರೋಗ್ರಾಂನ ಫೈಲ್ ಹೆಸರು ಕೊಡಿ. ಮಿಂಟ್‌ನಲ್ಲಿ ಫೈರ್‌ಫಾಕ್ಸ್.ಡೆಸ್ಕ್‌ಟಾಪ್ ಸಾಕು. ಉಳಿಸಿ, ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ.

ಈಗ ‘ಶಾಲೆ’ ಗುಂಪು ಬಂತು, ಒಳಗೆ ಫೈರ್‌ಫಾಕ್ಸ್ ಒಂದೇ ಇದೆ ಅಂದರೆ ಪುಸ್ತಕ ಸರಿ ಇದೆ, ದೋಷ ಗುರುತಿನಲ್ಲಿದೆ. ಗುಂಪು ಈಗಲೂ ಬರಲಿಲ್ಲ ಅಂದರೆ ಡೆಸ್ಕ್‌ಟಾಪ್ ನಿಮ್ಮ ಮೆನು ಫೈಲನ್ನು ಓದುತ್ತಲೇ ಇಲ್ಲ. ಗುಂಪು ಬಂದಿದೆ, ಆದರೆ ‘ಶಾಲೆ’ ಬದಲು ನೀವು ಮೆನು ಫೈಲ್‌ನಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ಕಾಣುತ್ತಿದೆ, ಚಿತ್ರವೂ ಇಲ್ಲ ಅಂದರೆ ಬೋರ್ಡ್ ಸಿಕ್ಕಿಲ್ಲ. ಡೈರೆಕ್ಟರಿ ಫೈಲ್‌ನ ಹೆಸರು, ಜಾಗ ನೋಡಿ. ಇಷ್ಟು ಐದು ನಿಮಿಷದ ಕೆಲಸ. ಪರೀಕ್ಷೆ ಮುಗಿದ ಮೇಲೆ ಫೈರ್‌ಫಾಕ್ಸ್ ಸಾಲು ತೆಗೆಯಲು ಮರೆಯಬೇಡಿ.

ಆ ಶನಿವಾರ 4 ಯಂತ್ರಕ್ಕೂ ಈ ಪರೀಕ್ಷೆ ಮಾಡಲು ಹೊರಟೆ. ಎರಡರಲ್ಲಿ ನನ್ನ ಮೆನು ಫೈಲೇ ಇರಲಿಲ್ಲ. ಒಂದರಲ್ಲಿ ಫೈಲ್ ಇತ್ತು, ಆದರೆ ಓದುತ್ತಿರಲಿಲ್ಲ. ಇನ್ನೊಂದರಲ್ಲಿ ಗುಂಪು ಬಂತು, ಒಳಗೆ ಫೈರ್‌ಫಾಕ್ಸ್ ಬಿಟ್ಟು ಬೇರೇನೂ ಇಲ್ಲ.

ಫೈಲೇ ಇಲ್ಲದ ಎರಡು ಯಂತ್ರ

ನಾನು ಎಲ್ಲ ಫೈಲ್‌ಗಳನ್ನೂ ವಿದ್ಯಾರ್ಥಿ ಖಾತೆಯ ಹೋಮ್ ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಮಕ್ಕಳು ವಾಲ್‌ಪೇಪರ್, ಪ್ಯಾನೆಲ್ ಎಲ್ಲ ಬದಲಿಸಿಬಿಡುತ್ತವೆ ಅಂತ ಮೇಡಂ ಎರಡು ಯಂತ್ರದಲ್ಲಿ ಗೆಸ್ಟ್ ಖಾತೆ ಚಾಲೂ ಮಾಡಿದ್ದರು. ಒಳ್ಳೆಯ ಯೋಚನೆಯೇ. ಆದರೆ ಗೆಸ್ಟ್ ಖಾತೆಯ ಹೋಮ್ ಫೋಲ್ಡರ್ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ, ಲಾಗ್ ಔಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಅಲ್ಲಿ ನನ್ನ ಫೈಲ್ ಇರಲು ಸಾಧ್ಯವೇ ಇಲ್ಲ.

ಒಂದಕ್ಕಿಂತ ಜಾಸ್ತಿ ಖಾತೆ ಇರುವ ಯಂತ್ರದಲ್ಲಿ ಹೋಮ್ ಫೋಲ್ಡರ್ ಬಳಸಲೇಬಾರದು ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಡೆಸ್ಕ್‌ಟಾಪ್ ಫೈಲ್‌ಗಳು /ಯುಎಸ್‌ಆರ್/ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಹೋಗಲಿ. ಬೋರ್ಡ್ ಅದರ ಪಕ್ಕದ ಡೆಸ್ಕ್‌ಟಾಪ್-ಡೈರೆಕ್ಟರೀಸ್ ಒಳಗೆ. ಮೆನು ಫೈಲ್ /ಇಟಿಸಿ/ಎಕ್ಸ್‌ಡಿಜಿ/ಮೆನುಸ್/ಅಪ್ಲಿಕೇಶನ್ಸ್-ಮರ್ಜ್ಡ್ ಒಳಗೆ. ಇದು ಮರ್ಜ್ ಫೋಲ್ಡರ್, ಇದರೊಳಗಿನ ಮೆನು ಫೈಲ್‌ಗಳು ಮುಖ್ಯ ಮೆನುವಿಗೆ ಸೇರಿಕೊಳ್ಳುತ್ತವೆ. ಆಗ ಎಲ್ಲ ಖಾತೆಗೂ ಸಿಗುತ್ತದೆ, ಗೆಸ್ಟ್ ಸೇರಿ.

ಹಾಗಾದರೆ /ಯುಎಸ್‌ಆರ್/ಶೇರ್ ಒಳಗಿನ ಮೂಲ ಫೈಲನ್ನೇ ತಿದ್ದಿದರೆ ಆಗಲ್ವಾ? ಆಗುತ್ತದೆ, ಮುಂದಿನ ಅಪ್‌ಡೇಟ್‌ವರೆಗೆ. ಆ ಪ್ರೋಗ್ರಾಂನ ಪ್ಯಾಕೇಜ್ (ಅದರ ಫೈಲ್‌ಗಳ ಕಟ್ಟು) ಹೊಸದಾದ ದಿನ ನಿಮ್ಮ ತಿದ್ದುಪಡಿ ಹೋಗುತ್ತದೆ. ‘ಲೋಕಲ್’ ಅನ್ನುವ ಫೋಲ್ಡರ್ ಇರುವುದೇ ನಮಗಾಗಿ. ಪ್ಯಾಕೇಜ್‌ಗಳು ಅದನ್ನು ಮುಟ್ಟುವುದಿಲ್ಲ. ಒಂದೇ ಹೆಸರಿನ ಫೈಲ್ ಎರಡೂ ಕಡೆ ಇದ್ದರೆ ಲೋಕಲ್‌ನಲ್ಲಿ ಇರುವುದೇ ಗೆಲ್ಲುತ್ತದೆ.

ಫೈಲ್ ಇದ್ದೂ ಓದದ ಯಂತ್ರ

ಮೂರನೆಯದರಲ್ಲಿ ಮೆನು ಫೈಲ್ ಸರಿಯಾದ ಜಾಗದಲ್ಲಿತ್ತು. ಇಂಥ ಕಡೆ ನಾಲ್ಕು ವಿಷಯ ನೋಡಬೇಕು.

ಒಂದು, ಎಕ್ಸ್‌ಎಂಎಲ್ ತಪ್ಪು. ತೆರೆದ ಟ್ಯಾಗ್ ಮುಚ್ಚದೆ ಬಿಟ್ಟರೆ ಇಡೀ ಫೈಲ್ ವ್ಯರ್ಥ. ಎಕ್ಸ್‌ಎಂಎಲ್‌ಲಿಂಟ್ ಅನ್ನುವ ಸಣ್ಣ ಕಮಾಂಡ್ ಇದೆ. ಮಿಂಟ್, ಉಬುಂಟುವಿನಲ್ಲಿ ಅದು ಲಿಬ್‌ಎಕ್ಸ್‌ಎಂಎಲ್2-ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಸಿಗುತ್ತದೆ. ಅದಕ್ಕೆ --ನೋಔಟ್ ಸೇರಿಸಿ ಫೈಲ್ ಹೆಸರು ಕೊಡಿ. ಏನೂ ಹೇಳದೆ ಸುಮ್ನೆ ಇದ್ದರೆ ಫೈಲ್ ಸರಿ. ತಪ್ಪಿದ್ದರೆ ಸಾಲಿನ ನಂಬರ್ ಸಮೇತ ಹೇಳುತ್ತದೆ.

ಎರಡು, ಓದುವ ಅನುಮತಿ. ಪೆನ್‌ಡ್ರೈವ್‌ನಿಂದ ಸುಡೊ (ಆಡಳಿತಗಾರರ ಅಧಿಕಾರ ಕೊಡುವ ಕಮಾಂಡ್) ಬಳಸಿ ಕಾಪಿ ಮಾಡಿದಾಗ ಫೈಲ್ ರೂಟ್‌ನ, ಅಂದರೆ ಆಡಳಿತಗಾರರ ಖಾತೆಯ ಪಾಲಾಗುತ್ತದೆ. ಅನುಮತಿ 600 ಆಗಿದ್ದರೆ ಬೇರೆ ಯಾರೂ ಓದಲಾರರು. ಎಲ್ಲರೂ ಓದುವ ಹಾಗೆ ಫೈಲ್‌ಗೆ 644, ಫೋಲ್ಡರ್‌ಗೆ 755 ಇರಬೇಕು.

ಮೂರು, ಮರ್ಜ್ ಫೋಲ್ಡರ್‌ನ ಹೆಸರು. ನಿಯಮದಲ್ಲಿ ಇರುವುದು ಅಪ್ಲಿಕೇಶನ್ಸ್-ಮರ್ಜ್ಡ್. ಆದರೆ ಕೆಲವು ಡೆಸ್ಕ್‌ಟಾಪ್‌ಗಳು ತಮ್ಮ ಹೆಸರು ಮುಂದೆ ಸೇರಿಸಿದ ಫೋಲ್ಡರ್ ಹುಡುಕುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳದೆ ಒಂದು ಫೋಲ್ಡರ್ ಮಾಡಿ, ಎಕ್ಸ್‌ಎಫ್‌ಸಿಇ-ಅಪ್ಲಿಕೇಶನ್ಸ್-ಮರ್ಜ್ಡ್ ಅನ್ನುವ ಹೆಸರಿನಲ್ಲಿ ಅದಕ್ಕೇ ಒಂದು ಸಿಂಬಾಲಿಕ್ ಲಿಂಕ್ (ಅದೇ ಫೋಲ್ಡರ್‌ಗೆ ದಾರಿ ತೋರಿಸುವ ಇನ್ನೊಂದು ಹೆಸರು) ಕೊಟ್ಟುಬಿಡಿ. ಎರಡು ಸಲ ಓದಿದರೂ ತೊಂದರೆಯಿಲ್ಲ. ಒಂದೇ ಹೆಸರಿನ ಗುಂಪುಗಳು ಸೇರಿ ಒಂದಾಗುತ್ತವೆ.

ನಾಲ್ಕನೆಯದೇ ಇಲ್ಲಿ ನಿಜವಾದ ಕಾರಣ. ಆ ಯಂತ್ರದ ~/.ಕಾನ್ಫಿಗ್/ಮೆನುಸ್ ಒಳಗೆ ಎಕ್ಸ್‌ಎಫ್‌ಸಿಇ-ಅಪ್ಲಿಕೇಶನ್ಸ್.ಮೆನು ಅನ್ನುವ ಒಂದು ಪೂರ್ತಿ ಫೈಲ್ ಕೂತಿತ್ತು. ಯಾರೋ ಸಿಸ್ಟಂ ಮೆನುವನ್ನು ಹಾಗೇ ಕಾಪಿ ಮಾಡಿ, ತಮಗೆ ಬೇಡವೆನಿಸಿದ ಸಾಲುಗಳನ್ನೆಲ್ಲ ಅಳಿಸಿದ್ದರು. ಅಳಿಸಿದ್ದರಲ್ಲಿ ‘ಡಿಫಾಲ್ಟ್ ಮರ್ಜ್ ಡಿರ್ಸ್’ ಎಂಬ ಸಾಲೂ ಸೇರಿತ್ತು. ಮರ್ಜ್ ಫೋಲ್ಡರ್ ಓದಲು ಹೇಳುವುದೇ ಆ ಸಾಲು. ಹೋಮ್‌ನಲ್ಲಿ ಇಂಥ ಫೈಲ್ ಇದ್ದರೆ ಸಿಸ್ಟಂನ ಫೈಲ್ ಕಡೆ ಡೆಸ್ಕ್‌ಟಾಪ್ ತಿರುಗಿಯೂ ನೋಡುವುದಿಲ್ಲ. ಪುಸ್ತಕದ ಮೇಲೆ ಇನ್ನೊಂದು ಪುಸ್ತಕ ಇಟ್ಟ ಹಾಗೆ. ಆ ಫೈಲ್ ಅಳಿಸಲಿಲ್ಲ, ಹೆಸರಿನ ಕೊನೆಗೆ ‘ಹಳೆಯದು’ ಅಂತ ಸೇರಿಸಿದೆ. ಲಾಗ್ ಔಟ್ ಮಾಡಿ ಬಂದರೆ ‘ಶಾಲೆ’ ಹಾಜರ್.

ಮೆನುವೇ ಪೂರ್ತಿ ಖಾಲಿ ಆಗಿದ್ದರೂ ಮೊದಲು ನೋಡಬೇಕಾದ ಜಾಗ ಇದೇ. ಹೋಮ್‌ನಲ್ಲಿ ಮುರಿದ ಮೆನು ಫೈಲ್ ಇದ್ದರೆ ಹಾಗಾಗುತ್ತದೆ. ಹೆಸರು ಬದಲಿಸಿ ನೋಡಿ, ಸಿಸ್ಟಂನ ಮೆನು ವಾಪಸ್ ಬರುತ್ತದೆ.

ಗುಂಪು ಇಲ್ಲ, ಆದರೆ ಪ್ರೋಗ್ರಾಂಗಳು ಮೆನುವಿನ ಮೊದಲ ಹಂತದಲ್ಲೇ ಬಿಡಿಬಿಡಿಯಾಗಿ ಹರಡಿಕೊಂಡಿವೆ ಅಂತ ಕೆಲವರು ಹೇಳುತ್ತಾರೆ. ಅದು ಬೇರೆ ತಪ್ಪು. ಮರ್ಜ್ ಆಗುವ ಫೈಲ್‌ನಲ್ಲಿ ಹೊರಗೊಂದು ‘ಮೆನು’, ಅದರೊಳಗೆ ನಮ್ಮ ಗುಂಪಿನ ಇನ್ನೊಂದು ‘ಮೆನು’ ಇರಬೇಕು. ಒಂದೇ ಬರೆದರೆ ಅದು ಇಡೀ ಮೆನುವಿನ ಜೊತೆ ಬೆರೆತುಹೋಗುತ್ತದೆ.

ಗುರುತು ತಪ್ಪಿದ ಯಂತ್ರ

ನಾಲ್ಕನೆಯದರ ಕಾರಣ ಒಂದೇ ಒಂದು ಅಕ್ಷರ. ನಮ್ಮದೇ ಹೊಸ ಗುರುತು ಬರೆಯುವಾಗ ಮುಂದೆ ದೊಡ್ಡ ಎಕ್ಸ್, ಒಂದು ಹೈಫನ್ ಇರಬೇಕು ಅನ್ನುವುದು ನಿಯಮ. ನನ್ನ ಗುರುತು ‘ಎಕ್ಸ್-ಶಾಲೆ’. ಮೆನು ಫೈಲ್‌ನಲ್ಲಿ ಶಾಲೆಯ ಮೊದಲ ಅಕ್ಷರ ದೊಡ್ಡದು. ಈ ಯಂತ್ರದ ಡೆಸ್ಕ್‌ಟಾಪ್ ಫೈಲ್‌ಗಳಲ್ಲಿ ಸಣ್ಣದು. ಇದೊಂದನ್ನು ಕೈಯಲ್ಲಿ ಟೈಪ್ ಮಾಡಿದ್ದೆ, ಉಳಿದವಕ್ಕೆ ಕಾಪಿ ಮಾಡಿದ್ದೆ. ಕಂಪ್ಯೂಟರ್‌ಗೆ ಅವೆರಡು ಬೇರೆ ಬೇರೆ ಗುರುತು. ಗುಂಪು ಖಾಲಿ, ಹಾಗಾಗಿ ಮಾಯ.

ಕೆಟಗರೀಸ್ ಸಾಲಿನಲ್ಲಿ ಗಮನಿಸಬೇಕಾದ್ದು ಇನ್ನೂ ಇದೆ. ಗುರುತುಗಳ ನಡುವೆ ಅರ್ಧವಿರಾಮ ಬರಬೇಕು, ಅಲ್ಪವಿರಾಮ ಅಲ್ಲ. ಕೊನೆಯ ಗುರುತಿನ ನಂತರವೂ ಅರ್ಧವಿರಾಮ ಬೇಕು. ನಡುವೆ ಜಾಗ ಬಿಡಬೇಡಿ. ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್ ಅನ್ನುವ ಕಮಾಂಡ್ ಇವನ್ನು ಪರೀಕ್ಷಿಸುತ್ತದೆ. ಅದು ಡೆಸ್ಕ್‌ಟಾಪ್-ಫೈಲ್-ಯುಟಿಲ್ಸ್ ಪ್ಯಾಕೇಜ್‌ನಲ್ಲಿದೆ. ಎಕ್ಸ್ ಹೈಫನ್ ಮರೆತಿದ್ದರೂ ಹಿಡಿದು ಹೇಳುತ್ತದೆ. ಆದರೆ ನನ್ನ ಈ ತಪ್ಪನ್ನು ಅದು ಹಿಡಿಯಲಿಲ್ಲ. ಎರಡು ಫೈಲ್‌ಗಳ ನಡುವಿನ ಹೊಂದಾಣಿಕೆ ನೋಡುವುದು ಅದರ ಕೆಲಸ ಅಲ್ಲ. ಅದಕ್ಕೆ ಕಣ್ಣೇ ಬೇಕು. ಎರಡೂ ಫೈಲ್‌ಗಳನ್ನು ಪಕ್ಕ ಪಕ್ಕ ತೆರೆದು ನೋಡಿ.

ಯಾವ ಗುಂಪಿಗೂ ಸೇರದ ಪ್ರೋಗ್ರಾಂಗಳು ಎಕ್ಸ್‌ಎಫ್‌ಸಿಇಯಲ್ಲಿ ‘ಇತರೆ’ ಗುಂಪಿಗೆ ಬಂದು ಬೀಳುತ್ತವೆ. ಕೆಡಿಇಯಲ್ಲಿ ಅಂಥವಕ್ಕೆ ‘ಲಾಸ್ಟ್ ಅಂಡ್ ಫೌಂಡ್’ ಅಂತ ಒಂದು ಗುಂಪಿದೆ. ಕಳೆದುಹೋದ ಪ್ರೋಗ್ರಾಂ ಅಲ್ಲಿ ಸಿಕ್ಕರೆ ಗುರುತೇ ತಪ್ಪಿದೆ ಎಂದು ಅರ್ಥ.

ಗುಂಪು ಇದೆ, ಒಂದು ಪ್ರೋಗ್ರಾಂ ಮಾತ್ರ ಇಲ್ಲ

ಈ 4 ಸರಿಯಾದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಎರಡು ಯಂತ್ರದಲ್ಲಿ ಟಕ್ಸ್ ಟೈಪಿಂಗ್ ಇರಲಿಲ್ಲ. ಪ್ರೋಗ್ರಾಂನ ಡೆಸ್ಕ್‌ಟಾಪ್ ಫೈಲ್ ತೆರೆದು ಕೆಲವು ಸಾಲು ನೋಡಬೇಕು. ‘ನೋಡಿಸ್‌ಪ್ಲೇ’ ಅಥವಾ ‘ಹಿಡನ್’ ಟ್ರೂ ಆಗಿದ್ದರೆ ಮೆನುವಿಗೆ ಬರುವುದಿಲ್ಲ. ‘ಓನ್ಲಿಶೋಇನ್’ ಅಂತ ಬೇರೆ ಡೆಸ್ಕ್‌ಟಾಪ್ ಹೆಸರು ಇದ್ದರೂ ಅಷ್ಟೇ. ‘ಟ್ರೈಎಕ್ಸೆಕ್’ ಅನ್ನುವ ಸಾಲಿದ್ದರೆ, ಅದರಲ್ಲಿ ಹೇಳಿದ ಪ್ರೋಗ್ರಾಂ ಯಂತ್ರದಲ್ಲಿ ಇದ್ದರೆ ಮಾತ್ರ ತೋರಿಸು ಎಂದು ಅರ್ಥ. ನಾನೇ ಆ ಸಾಲು ಸೇರಿಸಿದ್ದೆ. ಆ ಎರಡರಲ್ಲಿ ಇನ್‌ಸ್ಟಾಲ್ ನಡುವೆ ಇಂಟರ್ನೆಟ್ ಹೋಗಿ ಟಕ್ಸ್ ಟೈಪಿಂಗ್ ಇಳಿದೇ ಇರಲಿಲ್ಲ. ಮೆನು ನಿಜವನ್ನೇ ಹೇಳುತ್ತಿತ್ತು.

ಫ್ಲ್ಯಾಟ್‌ಪ್ಯಾಕ್ (ಪ್ರೋಗ್ರಾಂ ಇನ್‌ಸ್ಟಾಲ್ ಮಾಡುವ ಬೇರೊಂದು ವಿಧಾನ) ಆಗಿ ಹಾಕಿದ ಪ್ರೋಗ್ರಾಂ ಬಂದಿಲ್ಲ ಅಂದರೆ ಮೊದಲು ಲಾಗ್ ಔಟ್ ಮಾಡಿ ನೋಡಿ. ಅದರ ಫೈಲ್‌ಗಳು /ವಾರ್/ಲಿಬ್/ಫ್ಲ್ಯಾಟ್‌ಪ್ಯಾಕ್ ಒಳಗಿನ ಎಕ್ಸ್‌ಪೋರ್ಟ್ಸ್ ಫೋಲ್ಡರ್‌ನಲ್ಲಿ ಇರುತ್ತವೆ. ಆ ಜಾಗ ಹುಡುಕುವ ದಾರಿಗೆ ಸೇರುವುದು ಲಾಗಿನ್ ಆಗುವಾಗ.

ಒಂದೇ ಪ್ರೋಗ್ರಾಂ ಎರಡು ಸಲ ಕಾಣುವುದಕ್ಕೆ ಎರಡು ಕಾರಣ. ಎರಡು ಬೇರೆ ಗುಂಪಿನಲ್ಲಿ ಒಂದೊಂದು ಸಲ ಬಂದರೆ ಅದು ದೋಷವೇ ಅಲ್ಲ. ಫೈಲ್‌ನಲ್ಲಿ ಎರಡು ಗುರುತು ಇವೆ, ಎರಡು ರಾಶಿಗೂ ಸೇರುತ್ತದೆ. ಒಂದೇ ಗುಂಪಿನಲ್ಲಿ ಜೋಡಿ ಐಕಾನ್ ಬಂದರೆ ನೀವು ಕಾಪಿ ಮಾಡುವಾಗ ಫೈಲ್ ಹೆಸರು ಬದಲಿಸಿದ್ದೀರಿ. ಜಿಕಾಂಪ್ರಿಯಲ್ಲಿ ನನಗೆ ಹೀಗಾಗಿತ್ತು. ಮೂಲ ಫೈಲ್ ಆರ್ಗ್.ಕೆಡಿಇ.ಜಿಕಾಂಪ್ರಿ.ಡೆಸ್ಕ್‌ಟಾಪ್. ನಾನು ಚಿಕ್ಕದಾಗಿರಲಿ ಅಂತ ಜಿಕಾಂಪ್ರಿ.ಡೆಸ್ಕ್‌ಟಾಪ್ ಅಂತ ಉಳಿಸಿದ್ದೆ. ಹೆಸರು ಒಂದೇ ಇದ್ದರೆ ಮಾತ್ರ ನಮ್ಮದು ಮೂಲವನ್ನು ಮುಚ್ಚುತ್ತದೆ. ಇಲ್ಲದಿದ್ದರೆ ಎರಡೂ ಉಳಿಯುತ್ತವೆ.

ಹೆಸರು ಬದಲಿಸಿದರೂ ಹಳೆಯದೇ ಕಾಣುತ್ತಿದೆ

ಕನ್ನಡದಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಇದು ಬೇಗ ಎದುರಾಗುತ್ತದೆ. ಡೆಸ್ಕ್‌ಟಾಪ್ ಫೈಲ್, ಡೈರೆಕ್ಟರಿ ಫೈಲ್ ಎರಡರಲ್ಲೂ ‘ನೇಮ್’ ಎಂಬ ಸಾಲಿನ ಜೊತೆಗೆ ಭಾಷೆಗೊಂದು ಸಾಲು ಇರಬಹುದು. ‘ನೇಮ್’ ಮುಂದೆ ಚೌಕ ಕಂಸದಲ್ಲಿ ಕೆ, ಎನ್ ಅಂತ ಇದ್ದರೆ ಅದು ಕನ್ನಡದ ಹೆಸರು. ಸಿಸ್ಟಂ ಭಾಷೆ ಕನ್ನಡ ಇದ್ದಾಗ ಆ ಸಾಲೇ ಮೇಲು. ನೀವು ಬರೀ ‘ನೇಮ್’ ತಿದ್ದಿದರೆ ಏನೂ ಬದಲಾಗುವುದಿಲ್ಲ. ಎರಡನ್ನೂ ತಿದ್ದಿ. ಫೈಲ್ ಯುಟಿಎಫ್-8ರಲ್ಲೇ ಉಳಿಸಿ. ಕನ್ನಡದ ಜಾಗದಲ್ಲಿ ಚೌಕ ಡಬ್ಬಿ ಬಂದರೆ ಅಕ್ಷರಶೈಲಿ ಇಲ್ಲ ಎಂದು ಅರ್ಥ. ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ.

ಇನ್ನೊಂದು ದೋಷ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಬಳಸಿದವರದ್ದು. ಹಳೆಯ ವಿಂಡೋಸ್ ಪ್ರೋಗ್ರಾಂ ತೆಗೆದುಹಾಕಿದ್ದೀರಿ, ಅದರ ಗುಂಪು ಮೆನುವಿನಲ್ಲಿ ಉಳಿದುಬಿಟ್ಟಿದೆ. ಹೋಮ್‌ನ ಅಪ್ಲಿಕೇಶನ್ಸ್-ಮರ್ಜ್ಡ್ ಒಳಗೆ ವೈನ್ ಹೆಸರಿನಿಂದ ಶುರುವಾಗುವ ಮೆನು ಫೈಲ್‌ಗಳನ್ನೂ, ~/.ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗಿನ ವೈನ್ ಫೋಲ್ಡರನ್ನೂ ನೋಡಿ. ತೆಗೆದುಹಾಕಿದ ಪ್ರೋಗ್ರಾಂನದ್ದನ್ನು ಮಾತ್ರ ಅಳಿಸಿ.

ತಿದ್ದಿದ್ದು ಕಾಣದಿದ್ದರೆ ಎಕ್ಸ್‌ಎಫ್‌ಸಿಇಯಲ್ಲಿ ಎಕ್ಸ್‌ಎಫ್‌ಸಿಇ4-ಪ್ಯಾನೆಲ್ -ಆರ್ ಅಂತ ಕೊಟ್ಟರೆ ಪ್ಯಾನೆಲ್ ಮತ್ತೆ ಶುರುವಾಗುತ್ತದೆ. ಕೆಡಿಇಯಲ್ಲಿ ಕೆಬಿಲ್ಡ್‌ಸೈಕೋಕಾ ಎಂಬ ಕಮಾಂಡ್ ಇದೆ, ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದ 5ನೇ ಆವೃತ್ತಿಗೆ ಅದರ ಕೊನೆಯಲ್ಲಿ 5, 6ನೇ ಆವೃತ್ತಿಗೆ 6. ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್ ಕೊಡಿ ಅಂತ ಬಹಳ ಜನ ಹೇಳುತ್ತಾರೆ. ಅದು ಯಾವ ಬಗೆಯ ಫೈಲ್ ಯಾವ ಪ್ರೋಗ್ರಾಂನಲ್ಲಿ ತೆರೆಯಬೇಕು ಅನ್ನುವ ಲೆಕ್ಕಕ್ಕೆ. ಮೆನು ಗುಂಪಿಗೂ ಅದಕ್ಕೂ ಸಂಬಂಧವಿಲ್ಲ.

ಸಂಜೆ ಹೊರಡುವ ಮೊದಲು 10 ಯಂತ್ರದಲ್ಲೂ ಒಮ್ಮೆ ವಿದ್ಯಾರ್ಥಿ ಖಾತೆಯಿಂದ, ಗೆಸ್ಟ್ ಇದ್ದ ಎರಡರಲ್ಲಿ ಗೆಸ್ಟ್‌ನಿಂದಲೂ ಒಳಗೆ ಹೋಗಿ ನೋಡಿದೆ. ಆ ಹುಡುಗ ಟಕ್ಸ್ ಪೇಂಟ್ ತೆರೆದು ಆಗಲೇ ಒಂದು ಟ್ರ್ಯಾಕ್ಟರ್ ಬರೆದಿದ್ದ. ಮೇಡಂ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು ಬಂದಿದ್ದೇನೆ. ಅದರಲ್ಲಿ ಮೂರೂ ಬಗೆಯ ಫೈಲ್‌ಗಳಿವೆ. ಯಾವುದು ಯಾವ ಫೋಲ್ಡರ್‌ಗೆ ಹೋಗಬೇಕು, ಅನುಮತಿ ಎಷ್ಟಿರಬೇಕು ಅಂತ ಕನ್ನಡದಲ್ಲಿ ಬರೆದ ಒಂದು ಚೀಟಿಯೂ ಇದೆ.